ಎಣ್ಣೆ ಎಲ್ಲಿಗೆ ಹೋಗುತ್ತಿದೆ? ಮನೆಯ ಲಿಫ್ಟ್ ಟೇಬಲ್ ಕೆಟ್ಟಾಗ ಹುಡುಕುವ ಬಗೆ

ರಾತ್ರಿ ಭಾರ ಎತ್ತಿ ಇಳಿಸುವ ಲಿಫ್ಟ್ ಟೇಬಲ್ಲನ್ನು ಎತ್ತಿ ನಿಲ್ಲಿಸಿ ಮಲಗಿದ್ದೆ. ಮೇಲೆ ಬೀಡಿನ (ಎರಕದ ಕಬ್ಬಿಣದ) ಒಂದು ಪಂಪ್ ಹೌಸಿಂಗ್, ಅಂದರೆ ಪಂಪಿನ ಹೊರಕವಚ ಇತ್ತು. ಬೆಳಗ್ಗೆ ಎದ್ದ ಕೂಡಲೇ ಕಟ್ಟಬಹುದು ಅಂತ ಲೇಥ್ ಚಕ್ಕಿನ ಮಟ್ಟಕ್ಕೆ ಸರಿಯಾಗಿ ತಂದು ಇಟ್ಟಿದ್ದೆ. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಟೇಬಲ್ ಅರ್ಧ ಗೇಣು ಕೆಳಗೆ ಕೂತಿತ್ತು. ಫರ್ಶಿಯ ಮೇಲೆ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ.

ಪಾನಾ (ಸ್ಪ್ಯಾನರ್) ತಗೊಂಡು ಸಿಲಿಂಡರ್ ಬಿಚ್ಚಲು ಕೂತೆ. ಪಕ್ಕದ ಮನೆಯ ಕಾಕಾ ಬಂದರು. ಅವರು ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು.

"ತಮ್ಮಾ, ಮೊದಲ ಪಾನಾ ಕೆಳಗ ಇಡು. ಎಣ್ಣಿ ಎಲ್ಲಿ ಹೊಂಟೈತಿ ಅದನ್ನ ನೋಡು."

"ಹೊರಗ ಎಲ್ಲೂ ಸೋರಿಲ್ಲ ಕಾಕಾ."

"ಹಂಗಾದ್ರ ಒಳಗ ಹೊಂಟೈತಿ. ಒಳಗ ಎಲ್ಲಿ ಅಂತ ಗೊತ್ತಾಗೂ ತನಕ ಬಿಚ್ಚಬ್ಯಾಡ."

ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳ ರಿಪೇರಿಯ ಪಾಠವೆಲ್ಲ ಈ ಮಾತಿನಲ್ಲೇ ಇದೆ. ಬೆಳಗಾವಿಯಲ್ಲಿ ಲೋಹದ ಎರಕ ಹೊಯ್ಯುವ ಫೌಂಡ್ರಿಗಳೂ ಹೈಡ್ರಾಲಿಕ್ ಸಾಮಾನು ಮಾಡುವ ಘಟಕಗಳೂ ಬಹಳ. ಹಾಗಾಗಿ ಮನೆಯ ಮುಂದಿನ ಶೆಡ್ಡಿನಲ್ಲಿ ಒಂದು ಲೇಥ್, ಒಂದು ಡ್ರಿಲ್ ಮಷಿನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರು ಇಲ್ಲಿ ಸಾಕಷ್ಟಿದ್ದಾರೆ. ಬೈಕ್ ಗ್ಯಾರೇಜಿನವರೂ ಇದ್ದಾರೆ. ಸೊಂಟ ಉಳಿಸಿಕೊಳ್ಳಲು ಇವರು ಸೆಕೆಂಡ್ ಹ್ಯಾಂಡ್ ಲಿಫ್ಟ್ ಟೇಬಲ್ ತಂದಿಟ್ಟುಕೊಳ್ಳುತ್ತಾರೆ. ಅದು ಕೆಟ್ಟ ದಿನ ಕೈಯಲ್ಲಿ ಪಾನಾ ಇರುತ್ತದೆ, ಒಳಗೆ ಏನಿದೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಈ ಬರಹ ಅವರಿಗಾಗಿ.

ಯಾವ ಟೇಬಲ್ ಬಗ್ಗೆ ಮಾತು

ಕೆಳಗೆ ಒಂದು ಫ್ರೇಮ್, ಮೇಲೆ ಒಂದು ತಟ್ಟೆ, ನಡುವೆ ಕತ್ತರಿಯಂತೆ ಅಡ್ಡಡ್ಡ ಜೋಡಿಸಿದ ತೋಳುಗಳು. ತೋಳಿನ ಒಂದು ತುದಿ ಪಿನ್ನಿನಲ್ಲಿ ನಿಂತಿರುತ್ತದೆ. ಇನ್ನೊಂದು ತುದಿ ರೋಲರ್ ಮೇಲೆ ಹಿಂದೆ ಮುಂದೆ ಓಡುತ್ತದೆ. ಕತ್ತರಿಯ ಒಳಗೆ ಓರೆಯಾಗಿ ಒಂದು ಸಿಲಿಂಡರ್ ಕೂತಿರುತ್ತದೆ. ಪೆಡಲ್ ತುಳಿದರೆ ಸಿಲಿಂಡರಿನ ರಾಡ್ ಹೊರಗೆ ಬರುತ್ತದೆ, ಕತ್ತರಿ ಎದ್ದು ನಿಲ್ಲುತ್ತದೆ, ತಟ್ಟೆ ಮೇಲೇರುತ್ತದೆ. ಹಿಡಿಕೆಯ ಲಿವರ್ ಒತ್ತಿದರೆ ಕೆಳಗಿಳಿಯುತ್ತದೆ.

ಇಲ್ಲಿ ನಾನು ಮುಖ್ಯವಾಗಿ ಕಾಲಿನಿಂದ ತುಳಿಯುವ ಟೇಬಲ್ ಬಗ್ಗೆ ಬರೆಯುತ್ತೇನೆ. ಕರೆಂಟಿನ ಟೇಬಲ್ ಬಗ್ಗೆ ಕೊನೆಯ ಕಡೆ ಸ್ವಲ್ಪ ಇದೆ.

ಒಂದು ಕಾಲಿನ ತುಳಿತ ಇಷ್ಟು ಭಾರ ಎತ್ತುವುದು ಹೇಗೆ

ಟ್ರ್ಯಾಕ್ಟರ್ ಟ್ರ್ಯಾಲಿ ಹೊಲದಲ್ಲಿ ಗೊಬ್ಬರ ಸುರಿಯುವುದನ್ನು ನೋಡಿರುತ್ತೀರಿ. ಅಷ್ಟು ಭಾರದ ಡಬ್ಬಿಯನ್ನು ಒಂದು ಜಾಕ್ ಮೇಲೆತ್ತುತ್ತದೆ. ಟೇಬಲ್ಲಿನೊಳಗೂ ಅದೇ ವಿದ್ಯೆ ಇದೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಇದನ್ನು ವಿವರಿಸಿದ. ಒತ್ತಡ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುವ ಬಲ. ಒತ್ತಡ ಅಷ್ಟೇ ಇದ್ದು ಜಾಗ ದೊಡ್ಡದಾದರೆ ಒಟ್ಟು ಬಲವೂ ದೊಡ್ಡದಾಗುತ್ತದೆ.

ಒಂದು ಲೆಕ್ಕ ಮಾಡೋಣ. ಪೆಡಲ್ ಕೆಳಗಿನ ಸಣ್ಣ ದಂಡಕ್ಕೆ ಪ್ಲಂಜರ್ ಅನ್ನುತ್ತಾರೆ. ಅದು 10 ಮಿಲಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಸಿಲಿಂಡರಿನ ರಾಡ್ 40 ಮಿಲಿಮೀಟರ್ ದಪ್ಪ. ದಪ್ಪ ನಾಲ್ಕು ಪಟ್ಟು, ಆದರೆ ಎಣ್ಣೆ ಒತ್ತುವ ಜಾಗ 16 ಪಟ್ಟು. ಪೆಡಲ್ ಒಂದು ಸನ್ನೆಗೋಲು. ಅದು ನಿಮ್ಮ ತುಳಿತವನ್ನು 10 ಪಟ್ಟು ಮಾಡುತ್ತದೆ ಅಂದುಕೊಳ್ಳೋಣ. ನೀವು 15 ಕೆಜಿಯಷ್ಟು ತುಳಿದರೆ ಪ್ಲಂಜರ್ ಮೇಲೆ 150 ಕೆಜಿ ಬಿತ್ತು. ರಾಡ್ ಕಡೆ ಅದು 2,400 ಕೆಜಿ ಆಯಿತು.

ಇದು ಪುಕ್ಕಟೆ ಸಿಗುವುದಿಲ್ಲ. ಪ್ಲಂಜರ್ 16 ಮಿಲಿಮೀಟರ್ ಇಳಿದರೆ ರಾಡ್ ಏರುವುದು 1 ಮಿಲಿಮೀಟರ್ ಮಾತ್ರ. ಅದಕ್ಕೇ ಹತ್ತಾರು ಸಲ ತುಳಿಯಬೇಕು.

ಹಾಗಾದರೆ ಟೇಬಲ್ ಮೇಲೆ 300 ಅಥವಾ 500 ಕೆಜಿ ಅಂತಷ್ಟೇ ಯಾಕೆ ಬರೆದಿರುತ್ತಾರೆ? ಕತ್ತರಿಯ ಕಾರಣಕ್ಕೆ. ಟೇಬಲ್ ಪೂರ್ತಿ ಕೆಳಗಿದ್ದಾಗ ಸಿಲಿಂಡರ್ ಹೆಚ್ಚೂಕಡಿಮೆ ಮಲಗಿರುತ್ತದೆ. ಅದರ ಬಲ ಬಹುಪಾಲು ಅಡ್ಡಕ್ಕೆ ಹೋಗುತ್ತದೆ, ಮೇಲಕ್ಕೆ ಸಿಗುವುದು ಸ್ವಲ್ಪ. ಮಲಗಿದವನನ್ನು ಎಬ್ಬಿಸಿ ಕೂರಿಸುವಾಗ ಮೊದಲ ಎಳೆತವೇ ಕಷ್ಟ, ಅಲ್ವಾ? ಇದೂ ಹಾಗೆಯೇ. ಕೆಳಗಿನಿಂದ ಏಳುವಾಗ ಪೆಡಲ್ ಗಟ್ಟಿ, ಅರ್ಧ ಎತ್ತರ ದಾಟಿದ ಮೇಲೆ ಹಗುರ. ಟೇಬಲ್ ಕೆಟ್ಟಿದೆ ಅಂತ ತಿಳಿಯುವ ಎಷ್ಟೋ ಜನ ಇದನ್ನು ನೋಡಿ ಹೆದರಿರುತ್ತಾರೆ. ಅದು ದೋಷವಲ್ಲ.

ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ. 10 ಮಿಲಿಮೀಟರ್ ಪ್ಲಂಜರಿನ ಮೇಲೆ 150 ಕೆಜಿ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 190 ಕೆಜಿ. ನಿಮ್ಮ ಬೈಕ್ ಟೈರಿನಲ್ಲಿರುವುದು ಸುಮಾರು 2 ಕೆಜಿ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ. ಸುರಕ್ಷತೆಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಒಳಗಿರುವ ನಾಲ್ಕು ಬಾಗಿಲುಗಳು

ಬಾವಿಯ ಪಂಪಿನ ಫುಟ್‌ವಾಲ್ವ್ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೀರು ಮೇಲೆ ಬರಲು ಬಿಡುತ್ತದೆ, ಹಿಂದೆ ಹೋಗಲು ಬಿಡುವುದಿಲ್ಲ. ಅದರ ಬಾಯಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೆ ಪೈಪಿನ ನೀರೆಲ್ಲ ಬಾವಿಗೆ ವಾಪಸ್ ಇಳಿದುಬಿಡುತ್ತದೆ. ಲಿಫ್ಟ್ ಟೇಬಲ್ಲಿನ ಪಂಪಿನಲ್ಲೂ ಇಂಥ ಎರಡು ಬಾಗಿಲುಗಳಿವೆ. ಸೈಕಲ್ ಹಬ್ಬಿನಲ್ಲಿರುವ ಬಾಲ್‌ನಂಥ ಉಕ್ಕಿನ ಗುಂಡು ಒಂದು ಸಣ್ಣ ತೂತಿನ ಅಂಚಿನ ಮೇಲೆ ಕೂತಿರುತ್ತದೆ. ಸಾಮಾನ್ಯವಾಗಿ ಮೇಲಿನಿಂದ ಒಂದು ಸ್ಪ್ರಿಂಗ್ ಅದನ್ನು ಒತ್ತಿರುತ್ತದೆ. ಗುಂಡು ಕೂರುವ ಆ ಅಂಚಿಗೆ ಸೀಟ್ ಅನ್ನುತ್ತಾರೆ.

ಮೊದಲ ಗುಂಡು ಒಳಬರುವ ಬಾಗಿಲು. ಪೆಡಲ್ ಮೇಲೆ ಬಂದಾಗ ತೆರೆದು ಟ್ಯಾಂಕಿನ ಎಣ್ಣೆಯನ್ನು ಪಂಪಿಗೆ ಬಿಡುತ್ತದೆ. ಎರಡನೆಯದು ಹೊರಹೋಗುವ ಬಾಗಿಲು. ತುಳಿದಾಗ ತೆರೆದು ಎಣ್ಣೆಯನ್ನು ಸಿಲಿಂಡರಿಗೆ ಕಳಿಸಿ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಎತ್ತಿದ ಭಾರವನ್ನು ಹಿಡಿದು ನಿಲ್ಲಿಸುವುದು ಈ ಎರಡನೇ ಗುಂಡು.

ಮೂರನೆಯದು ಇಳಿಸುವ ವಾಲ್ವ್. ಹಿಡಿಕೆಯಿಂದ ಬ್ರೇಕ್ ಕೇಬಲ್‌ನಂಥ ತಂತಿ ಅಲ್ಲಿಗೆ ಬಂದಿರುತ್ತದೆ. ಅದನ್ನು ತೆರೆದರೆ ಸಿಲಿಂಡರಿನ ಎಣ್ಣೆ ಟ್ಯಾಂಕಿಗೆ ವಾಪಸ್.

ನಾಲ್ಕನೆಯದು ರಿಲೀಫ್ ವಾಲ್ವ್. ಭಾರ ಮಿತಿ ಮೀರಿದರೆ ತಾನೇ ತೆರೆದುಕೊಂಡು ಎಣ್ಣೆಯನ್ನು ಟ್ಯಾಂಕಿಗೆ ಬಿಡುತ್ತದೆ. ಕುಕ್ಕರಿನ ಸೀಟಿ ಇದ್ದ ಹಾಗೆ. ಇದನ್ನು ಮುಟ್ಟಬೇಡಿ. ಟೇಬಲ್ ಜಾಸ್ತಿ ಎತ್ತಲಿ ಅಂತ ಇದರ ಸ್ಕ್ರೂ ಬಿಗಿ ಮಾಡಿದರೆ ಪಿನ್ ಮುರಿಯಬಹುದು, ತೋಳು ಬಾಗಬಹುದು, ಎಣ್ಣೆ ಸಾಗಿಸುವ ಪೈಪ್, ಅಂದರೆ ಹೋಸ್ ಒಡೆಯಬಹುದು.

ಬಾಗಿಲುಗಳ ಜೊತೆ ಸೀಲ್‌ಗಳಿವೆ. ರಾಡಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಅಥವಾ ಪಾಲಿಯುರೆಥೇನ್ ಬಳೆಗಳು. ಇವುಗಳಿಗೆ ಒಂದು ಕಥೆ ಇದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ರಾಡಿನ ಸುತ್ತ ಎಣ್ಣೆಯಾಗಲಿ ನೀರಾಗಲಿ ಸೋರದಂತೆ ತಡೆಯುವುದೇ ಆಗ ದೊಡ್ಡ ತಲೆನೋವು. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೇ ಬಟ್ಟಲಿನ ಆಕಾರದ ತೊಗಲಿನ ಸೀಲ್ ಹಾಕಿ ಅದನ್ನು ಬಗೆಹರಿಸಿದ ಎಂದು ಹೇಳುತ್ತಾರೆ. ಒತ್ತಡ ಏರಿದಷ್ಟೂ ಬಟ್ಟಲಿನ ತುಟಿ ಅಗಲವಾಗಿ ಇನ್ನೂ ಬಿಗಿಯಾಗಿ ಅಂಟುತ್ತದೆ. ಥ್ರೆಡ್ ಕೊರೆಯುವ ಲೇಥ್ ಬೆಳೆಸಿದವರಲ್ಲಿ ದೊಡ್ಡ ಹೆಸರು ಇದೇ ಮಾಡ್ಸ್ಲೇಯದು. ನಮ್ಮ ಶೆಡ್ಡಿನ ಲೇಥ್ ಮತ್ತು ಅದರ ಪಕ್ಕದ ಟೇಬಲ್, ಎರಡರ ಹಿಂದೆಯೂ ಒಬ್ಬನೇ ಕಾರಿಗರ ಇದ್ದಾನೆ ಅಂತ ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು.

ಕತ್ತರಿಯೊಳಗೆ ಕೈ ಹಾಕುವ ಮುಂಚೆ

ಇದೊಂದು ಭಾಗವನ್ನು ಬಿಟ್ಟು ಮುಂದೆ ಓದಬೇಡಿ.

ಮೇಲೆತ್ತಿದ ಟೇಬಲ್ ಕೆಳಗೆ ಬೆರಳನ್ನೂ ಹಾಕಬೇಡಿ. ತಟ್ಟೆ ಖಾಲಿ ಇದ್ದರೂ ತೋಳುಗಳ ಭಾರವೇ ಸಾಕು. ಮೊದಲು ಮೇಲಿನ ಸಾಮಾನು ಇಳಿಸಿ. ನಂತರ ಖಾಲಿ ಟೇಬಲ್ ಎತ್ತಿ. ಕಂಪನಿಯೇ ಕೊಟ್ಟ ಆಸರೆ ಕಡ್ಡಿ ಇದ್ದರೆ ಅದನ್ನು ನಿಲ್ಲಿಸಿ. ಇಲ್ಲದಿದ್ದರೆ ಎರಡೂ ಬದಿಯಲ್ಲಿ ಕೆಳಗಿನ ಫ್ರೇಮ್ ಮತ್ತು ಮೇಲಿನ ತಟ್ಟೆಯ ನಡುವೆ ದಪ್ಪ ಗಟ್ಟಿ ಮರದ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ. ಇಟ್ಟಿಗೆ ಬೇಡ, ಸಿಡಿಯುತ್ತದೆ. ಆಮೇಲೆ ಲಿವರ್ ಒತ್ತಿ ಟೇಬಲ್ ಆ ತುಂಡುಗಳ ಮೇಲೆ ಕೂರುವ ಹಾಗೆ ಇಳಿಸಿ. ಆಗ ಭಾರ ಮರದ ಮೇಲೆ ಹೋಯಿತು, ಎಣ್ಣೆಯ ಒತ್ತಡ ಇಳಿಯಿತು. ಟೇಬಲ್ಲನ್ನು ಅಲುಗಾಡಿಸಿ ನೋಡಿ. ಗಟ್ಟಿಯಾಗಿ ನಿಂತಿದೆ ಅನ್ನಿಸಿದ ಮೇಲೆಯೇ ಕೈ ಹಾಕಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಅದರಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ನುಗ್ಗಬಲ್ಲದು. ಮೇಲೆ ಹೇಳಿದ 190 ಕೆಜಿ ಒತ್ತಡ ನೆನಪಿದೆಯಲ್ಲ? ಹೊರಗೆ ಸಣ್ಣ ಚುಕ್ಕೆಯಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಕಡಿಮೆ ಇರಬಹುದು. ಆದರೆ ಒಳಗೆ ಮಾಂಸ ಕೊಳೆಯತೊಡಗುತ್ತದೆ, ಬೆರಳು ಕಳೆದುಕೊಳ್ಳುವ ಮಟ್ಟಕ್ಕೂ ಹೋಗುತ್ತದೆ. ಹೀಗಾದರೆ ಅರಿಶಿನ ಹಚ್ಚಿ ಕೂರಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳಿ. ಸೋರಿಕೆ ಹುಡುಕುವಾಗ ಕೈ ಸವರಬೇಡಿ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಕಣ್ಣಿಗೆ ಚಷ್ಮಾ ಇರಲಿ.

ತಾನೇ ಕೆಳಗಿಳಿಯುವ ಟೇಬಲ್

ಎಲ್ಲಕ್ಕಿಂತ ಜಾಸ್ತಿ ಕಾಣುವ ದೂರು ಇದು. ಎಷ್ಟು ಎಣ್ಣೆ ಸೋರಿದರೆ ಎಷ್ಟು ಇಳಿಯುತ್ತದೆ? 40 ಮಿಲಿಮೀಟರ್ ರಾಡಿನ ಕೆಳಗಿಂದ ಒಂದು ಚಹಾ ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆ ಹೊರಟರೆ ರಾಡ್ ಸುಮಾರು 4 ಮಿಲಿಮೀಟರ್ ಇಳಿಯುತ್ತದೆ. ಕತ್ತರಿಯಲ್ಲಿ ರಾಡಿನ ಸಣ್ಣ ಚಲನೆ ತಟ್ಟೆಗೆ ಬರುವಾಗ ದೊಡ್ಡದಾಗುತ್ತದೆ. ಐದು ಪಟ್ಟು ಅಂದುಕೊಂಡರೆ ತಟ್ಟೆ 2 ಸೆಂಟಿಮೀಟರ್ ಇಳಿಯಿತು. ನನ್ನ ಟೇಬಲ್ ಅರ್ಧ ಗೇಣು ಇಳಿದದ್ದು ಈ ಲೆಕ್ಕದಲ್ಲಿ ಐದಾರು ಚಮಚ ಎಣ್ಣೆಯಿಂದ. ಇಡೀ ರಾತ್ರಿಗೆ ಐದಾರು ಚಮಚ. ಕೂದಲೆಳೆಯಷ್ಟು ಸಂದು ಸಾಕು.

ಪರೀಕ್ಷೆ ಹೀಗೆ ಮಾಡಿ. ಟೇಬಲ್ ಅರ್ಧ ಎತ್ತರಕ್ಕೆ ಎತ್ತಿ, ಮಿತಿಯೊಳಗಿನ ಒಂದು ಭಾರ ಇಡಿ. ಪಕ್ಕದ ಗೋಡೆಯ ಮೇಲೆ ತಟ್ಟೆಯ ಅಂಚಿಗೆ ಸರಿಯಾಗಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಅರ್ಧ ಗಂಟೆ ಬಿಟ್ಟು ನೋಡಿ. ಭಾರ ಇಲ್ಲದೆಯೂ ಒಮ್ಮೆ ಮಾಡಿ. ಎಷ್ಟು ಇಳಿಯಿತು ಅಂತ ಬರೆದಿಡಿ. ರಿಪೇರಿ ಆದ ಮೇಲೆ ಹೋಲಿಸಲು ಬೇಕು.

ಒಂದು ವಿಷಯ ಇಲ್ಲಿ ತಿಳಿದಿರಲಿ. ಮಧ್ಯಾಹ್ನದ ಬಿಸಿಲಲ್ಲಿ ಎತ್ತಿ ಇಟ್ಟ ಟೇಬಲ್ ರಾತ್ರಿ ತಂಪಾದಾಗ ಕೆಲವು ಮಿಲಿಮೀಟರ್ ಇಳಿದರೆ ಅದು ಸೋರಿಕೆಯಲ್ಲ. ಎಣ್ಣೆ ತಣ್ಣಗಾದರೆ ಕುಗ್ಗುತ್ತದೆ.

ಈಗ ಕಾಕಾರ ಪ್ರಶ್ನೆ. ಎಣ್ಣೆ ಎಲ್ಲಿಗೆ ಹೋಗುತ್ತಿದೆ? ಮೊದಲು ಹೊರಗೆ ನೋಡಿ. ರಾಡ್ ಸಿಲಿಂಡರಿನಿಂದ ಹೊರಬರುವ ಬಾಯಿ, ಹೋಸಿನ ಎರಡು ತುದಿ, ಪ್ಲಂಜರಿನ ಸುತ್ತ. ಎಲ್ಲ ಒರೆಸಿ ಒಣಗಿಸಿ, ಕೆಳಗೆ ಹಳೆ ಪೇಪರ್ ಹಾಸಿ. ಪೇಪರಿನ ಮೇಲೆ ಬಿದ್ದ ಕಲೆ ಜಾಗ ತೋರಿಸುತ್ತದೆ. ಈ ಜಾತಿಯ ಸಿಲಿಂಡರಿನಲ್ಲಿ ರಾಡಿನ ಸೀಲ್ ಹೋದರೆ ಎಣ್ಣೆ ಸಾಮಾನ್ಯವಾಗಿ ರಾಡಿನ ಬಾಯಿಯಲ್ಲೇ ಕಾಣುತ್ತದೆ. ರಾಡ್ ಒಣಗಿದ್ದರೆ ಸೀಲ್ ಬದಲಿಸಲು ಓಡಬೇಡಿ. ಸುಮ್ನೆ ದುಡ್ಡು ಹೋಗುತ್ತದೆ.

ಹೊರಗೆ ಒಣಗಿದ್ದರೆ ಎಣ್ಣೆ ಒಳಗಿನ ಯಾವುದೋ ಬಾಗಿಲಿನಿಂದ ಟ್ಯಾಂಕಿಗೆ ವಾಪಸ್ ಹೋಗುತ್ತಿದೆ. ಇಲ್ಲಿ ಮೊದಲ ಅನುಮಾನ ಕೇಬಲ್ ಮೇಲೆ. ಇಳಿಸುವ ಕೇಬಲ್ ಬಿಗಿ ಜಾಸ್ತಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚಿರುವುದಿಲ್ಲ. ಬೈಕಿನ ಕ್ಲಚ್ ಕೇಬಲ್‌ಗೆ ಸ್ವಲ್ಪ ಆಟ ಬಿಡುತ್ತೇವಲ್ಲ, ಇಲ್ಲೂ ಲಿವರಿಗೆ ಸ್ವಲ್ಪ ಸಡಿಲು ಬೇಕು. ಟೇಬಲ್ ಆಸರೆಯ ಮೇಲಿದ್ದಾಗ ಕೇಬಲ್ಲನ್ನು ವಾಲ್ವಿನಿಂದ ಬಿಡಿಸಿ, ಹೊರಗೆ ಬಂದು, ಮತ್ತೆ ಎತ್ತಿ ಗೆರೆ ಎಳೆದು ನೋಡಿ. ಇಳಿಯುವುದು ನಿಂತರೆ ಕೆಲಸ ಮುಗಿಯಿತು. ಕೇಬಲ್ಲಿನ ನಟ್ ಎರಡು ಸುತ್ತು ಸರಿ ಮಾಡಿದರೆ ಸಾಕು, ಒಂದು ರೂಪಾಯಿ ಖರ್ಚಿಲ್ಲ.

ಅದಲ್ಲ ಅಂದರೆ ಪೆಡಲ್ ನೋಡಿ. ಭಾರ ಇಟ್ಟು ಎತ್ತಿ, ಪೆಡಲ್ಲನ್ನು ಅರ್ಧ ತುಳಿದು ಕಾಲು ಹಗುರ ಮಾಡಿ. ಕಾಲನ್ನು ಕೆಳಗಿಂದ ಯಾರೋ ಬಲವಾಗಿ ನೂಕಿದಂತೆ ಆದರೆ ಹೊರಹೋಗುವ ಗುಂಡು ಸರಿಯಾಗಿ ಕೂರುತ್ತಿಲ್ಲ. ಸಿಲಿಂಡರಿನ ಒತ್ತಡ ಹಿಂದೆ ಹರಿದು ಪ್ಲಂಜರ್ ತಳ್ಳುತ್ತಿದೆ. ಪೆಡಲ್ ತನ್ನ ಸ್ಪ್ರಿಂಗಿನಿಂದ ಮೆಲ್ಲಗೆ ಏಳುವುದಕ್ಕೂ ಈ ನೂಕುವಿಕೆಗೂ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಹಾಗೆ ನೂಕದೆ ಟೇಬಲ್ ಮಾತ್ರ ಇಳಿಯುತ್ತಿದ್ದರೆ ಅನುಮಾನ ಇಳಿಸುವ ವಾಲ್ವಿನ ಸೀಟಿನ ಮೇಲೆ, ಆಮೇಲೆ ರಿಲೀಫ್ ವಾಲ್ವ್ ಮೇಲೆ.

ನನ್ನ ಟೇಬಲ್ಲಿನ ಪೆಡಲ್ ನೂಕಿತು.

ಏಳದ ಟೇಬಲ್, ಅರ್ಧಕ್ಕೆ ನಿಲ್ಲುವ ಟೇಬಲ್, ಇಳಿಯದ ಟೇಬಲ್

ತುಳಿದರೆ ಪೆಡಲ್ ಗಟ್ಟಿಯಾಗದೆ ಸಲೀಸಾಗಿ ಹೋಗುತ್ತದೆ, ಟೇಬಲ್ ಅಲುಗುವುದಿಲ್ಲ. ಇದಕ್ಕೆ ನಾಲ್ಕೈದು ಕಾರಣಗಳು. ಕೇಬಲ್ ಬಿಗಿಯಾಗಿ ಇಳಿಸುವ ವಾಲ್ವ್ ತೆರೆದಿದೆ. ಎಣ್ಣೆ ಕಡಿಮೆ. ಪಂಪಿನೊಳಗೆ ಗಾಳಿ ತುಂಬಿದೆ. ಒಳಬರುವ ಗುಂಡಿನ ಕೆಳಗೆ ಕಸ ಸಿಕ್ಕಿದೆ, ಹಾಗಾಗಿ ತುಳಿದ ಎಣ್ಣೆ ಟ್ಯಾಂಕಿಗೇ ವಾಪಸ್ ಹೋಗುತ್ತಿದೆ. ಇಲ್ಲವೇ ಟ್ಯಾಂಕಿನ ಮುಚ್ಚಳದ ಉಸಿರುತೂತು ಧೂಳಿನಿಂದ ಮುಚ್ಚಿದೆ. ಎಣ್ಣೆ ಹೊರಗೆ ಹೋದಷ್ಟು ಗಾಳಿ ಟ್ಯಾಂಕಿಗೆ ಬರದಿದ್ದರೆ ಪಂಪ್ ಎಣ್ಣೆಯನ್ನು ಎಳೆಯಲಾರದು. ಫೌಂಡ್ರಿ ಮರಳಿನ ಧೂಳು ಇರುವ ಕಡೆ ಇದು ಹೊಸದಲ್ಲ.

ಖಾಲಿ ಇದ್ದಾಗ ಏಳುತ್ತದೆ, ಭಾರ ಇಟ್ಟರೆ ಏಳುವುದಿಲ್ಲ ಅಂದರೆ ಮೊದಲು ಭಾರವನ್ನೇ ತೂಗಿ. ಬೀಡಿನ ಸಾಮಾನಿನ ತೂಕ ಕಣ್ಣಳತೆಗೆ ಸಿಗುವುದಿಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಬೀಡಿನ ಗಟ್ಟಿ 200 ಕೆಜಿ ಹತ್ತಿರ ತೂಗುತ್ತದೆ. ಅಂಥ ಎರಡು ತುಂಡು ಇಟ್ಟರೆ 300 ಕೆಜಿ ಟೇಬಲ್ಲಿನ ರಿಲೀಫ್ ವಾಲ್ವ್ ತೆರೆದುಕೊಳ್ಳುವುದೇ ಸರಿ.

ಸ್ವಲ್ಪ ಎತ್ತರದವರೆಗೆ ಚೆನ್ನಾಗಿ ಹೋಗಿ ಅಲ್ಲಿಂದ ಮುಂದೆ ಏಳುವುದಿಲ್ಲ ಅಂದರೆ ಬಹುಪಾಲು ಎಣ್ಣೆ ಸಾಲುತ್ತಿಲ್ಲ.

ಇಳಿಯದ ಟೇಬಲ್ಲಿಗೆ ಕಾರಣ ಕೇಬಲ್ ಸಡಿಲಾಗಿರುವುದು, ಪಿನ್ನುಗಳಲ್ಲಿ ಗ್ರೀಸ್ ಒಣಗಿರುವುದು, ರೋಲರ್ ದಾರಿಯಲ್ಲಿ ಕಟಿಂಗ್ ಚೂರು ಬಿದ್ದಿರುವುದು, ಇಲ್ಲವೇ ತೋಳು ಬಾಗಿರುವುದು. ಸಿಕ್ಕಿಕೊಂಡ ಟೇಬಲ್ಲನ್ನು ಮೇಲಿಂದ ತುಳಿಯಬೇಡಿ, ಕೆಳಗಿಂದ ಸುತ್ತಿಗೆ ಹಾಕಬೇಡಿ. ಬಿಟ್ಟುಕೊಂಡ ಕ್ಷಣ ಧಪ್ ಅಂತ ಬೀಳುತ್ತದೆ. ಆಸರೆ ಕೊಟ್ಟು, ಭಾರ ಇಳಿಸಿ, ಆಮೇಲೆ ನೋಡಿ.

ಗಾಳಿ ತೆಗೆಯುವುದು

ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದು ತೀರಾ ಕಡಿಮೆ. ಚದರ ಸೆಂಟಿಮೀಟರಿಗೆ 100 ಕೆಜಿ ಒತ್ತಡಕ್ಕೂ ಶೇಕಡ 1ರಷ್ಟು ಕುಗ್ಗುವುದಿಲ್ಲ. ಗಾಳಿ ಹಾಗಲ್ಲ, ಸ್ಪಂಜಿನಂತೆ ಕುಗ್ಗುತ್ತದೆ. ಹಾಗಾಗಿ ಗಾಳಿ ಸೇರಿದರೆ ನೀವು ತುಳಿದದ್ದೆಲ್ಲ ಗಾಳಿ ಒತ್ತುವುದಕ್ಕೇ ಹೋಗುತ್ತದೆ. ಪೆಡಲ್ ಮೆತ್ತಗಾಗುತ್ತದೆ, ಟೇಬಲ್ ಜರ್ಕ್ ಹೊಡೆಯುತ್ತಾ ಏಳುತ್ತದೆ. ವಾಹನದಲ್ಲಿ ಹಾಕಿ ಅಡ್ಡ ಮಲಗಿಸಿ ತಂದ ಸೆಕೆಂಡ್ ಹ್ಯಾಂಡ್ ಟೇಬಲ್‌ಗಳಲ್ಲಿ ಇದು ಸಾಮಾನ್ಯ.

ಖಾಲಿ ಟೇಬಲ್ಲನ್ನು ಪೂರ್ತಿ ಇಳಿಸಿ. ಇಳಿಸುವ ಲಿವರ್ ಒತ್ತಿಹಿಡಿದುಕೊಂಡೇ ಪೆಡಲ್ಲನ್ನು ಹತ್ತು ಹದಿನೈದು ಸಲ ಪೂರ್ತಿ ತುಳಿಯಿರಿ. ಪಂಪಿನ ಗಾಳಿ ಟ್ಯಾಂಕಿಗೆ ಹೋಗುತ್ತದೆ. ಲಿವರ್ ಬಿಟ್ಟು ಟೇಬಲ್ಲನ್ನು ತುದಿಯವರೆಗೆ ಎತ್ತಿ, ಮತ್ತೆ ಪೂರ್ತಿ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. ಗಾಳಿ ಹೋದ ಜಾಗಕ್ಕೆ ಎಣ್ಣೆ ಹೋಗಿರುತ್ತದೆ, ಆದ್ದರಿಂದ ಕೊನೆಯಲ್ಲಿ ಮಟ್ಟ ನೋಡಿ.

ಎಣ್ಣೆಯ ವಿಷಯದಲ್ಲಿ ಮಾಡುವ ತಪ್ಪುಗಳು

ಎಣ್ಣೆ ಹಾಕುವಾಗ ಟೇಬಲ್ ಪೂರ್ತಿ ಕೆಳಗಿರಬೇಕು. ಮೇಲಿದ್ದಾಗ ಟ್ಯಾಂಕ್ ತುಂಬಿಸಿದರೆ, ಇಳಿಸುವಾಗ ಸಿಲಿಂಡರಿನ ಎಣ್ಣೆ ಬಂದು ಉಕ್ಕಿ ಹರಿಯುತ್ತದೆ.

ಡಬ್ಬಿಯ ಮೇಲೆ ಐಎಸ್‌ಒ ವಿಜಿ 32, 46, 68 ಅಂತ ಬರೆದಿರುತ್ತದೆ. 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆ ಎಣ್ಣೆ ಎಷ್ಟು ಮಂದ ಅನ್ನುವ ಅಂಕಿ ಅದು. ಅಂಕಿ ದೊಡ್ಡದಾದಷ್ಟು ಎಣ್ಣೆ ದಪ್ಪ. ಕಾಲಿನ ಪಂಪುಗಳಿಗೆ ಸಾಮಾನ್ಯವಾಗಿ 32 ಅಥವಾ 46 ಹೇಳಿರುತ್ತಾರೆ. ನಿಮ್ಮ ಟೇಬಲ್ಲಿನ ಪಟ್ಟಿಯ ಮೇಲೆ ಏನು ಬರೆದಿದೆಯೋ ಅದೇ ಸರಿ.

ಬ್ರೇಕ್ ಆಯಿಲ್ ಮಾತ್ರ ಎಂದೂ ಹಾಕಬೇಡಿ. ಅದೂ ಹೈಡ್ರಾಲಿಕ್ ತಾನೇ ಅಂತ ಹಾಕುವವರಿದ್ದಾರೆ. ಮಾಮೂಲಿ ಬ್ರೇಕ್ ಆಯಿಲ್ ಗ್ಲೈಕಾಲ್‌ನಿಂದ ಮಾಡಿದ್ದು. ಟೇಬಲ್ಲಿನ ಸೀಲುಗಳು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನವು. ಆ ದ್ರವಕ್ಕೆ ಅವು ಉಬ್ಬಿ ಮೆತ್ತಗಾಗಿ ಹಾಳಾಗುತ್ತವೆ. ಹಾಗೆಯೇ ಬ್ರೇಕಿನ ರಬ್ಬರಿಗೆ ಹೈಡ್ರಾಲಿಕ್ ಎಣ್ಣೆ ವಿಷ.

ಬೆಳಗಾವಿಯ ಮಳೆ ಗೊತ್ತಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೆಡ್ಡಿನ ಕಬ್ಬಿಣವೆಲ್ಲ ಬೆವರುತ್ತದೆ. ಆ ತೇವ ಟ್ಯಾಂಕಿಗೂ ಹೋಗುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ, ಪೂರ್ತಿ ಬದಲಿಸಬೇಕು. ಹಳೆ ಎಣ್ಣೆಯನ್ನು ಗಟಾರಕ್ಕೆ ಸುರಿಯಬೇಡಿ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿಟ್ಟು, ಅಧಿಕೃತವಾಗಿ ಹಳೆ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.

ಗುಂಡು ತೆಗೆದು ನೋಡಿದಾಗ

ಆಸರೆ ಕೊಟ್ಟು, ಒತ್ತಡ ಇಳಿಸಿ, ಕಾಕಾ ಮತ್ತು ನಾನು ಪಂಪಿನ ಮುಂದೆ ಕೂತೆವು. ಮೊದಲು ಹೊರಗಿನ ಧೂಳೆಲ್ಲ ಡೀಸೆಲ್ ಬ್ರಷ್‌ನಿಂದ ತೊಳೆದೆವು. ಹೊರಗೆ ಕೊಳಕು ಇಟ್ಟುಕೊಂಡು ಬಿಚ್ಚಿದರೆ ಅದೇ ಒಳಗೆ ಹೋಗುತ್ತದೆ. ಒಂದು ಸ್ಟೀಲ್ ತಾಟಿನಲ್ಲಿ ಬಿಳಿ ಬಟ್ಟೆ ಹಾಸಿದೆವು. ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಟ್ಟೆವು. ಮೊಬೈಲಿನಲ್ಲಿ ಫೋಟೋನೂ ತೆಗೆದೆ.

ಪ್ಲಗ್ ಬಂತು, ತಾಮ್ರದ ವಾಷರ್ ಬಂತು, ಸ್ಪ್ರಿಂಗ್ ಬಂತು. ಗುಂಡನ್ನು ಆಯಸ್ಕಾಂತದ ಕಡ್ಡಿಯಿಂದ ಎತ್ತಿದೆ. ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಕಾಕಾ ಅದನ್ನು ಬೆಳಕಿಗೆ ಹಿಡಿದು ಬೆರಳಲ್ಲಿ ತಿರುಗಿಸಿದರು. ಒಂದು ಕಡೆ ಸಣ್ಣ ಕಪ್ಪು ಗೀಟು. ಸೀಟಿನ ಅಂಚಿನಲ್ಲಿ ಟಾರ್ಚ್ ಬಿಟ್ಟರೆ ರವೆಯ ಕಾಳಿನಷ್ಟು ಬೀಡಿನ ಚೂರು ಅಂಟಿತ್ತು. ಹೋದ ತಿಂಗಳು ಎಣ್ಣೆ ಹಾಕುವಾಗ ಮುಚ್ಚಳದ ಸುತ್ತ ಒರೆಸಿರಲಿಲ್ಲ. ಅಲ್ಲಿಂದಲೇ ಇಳಿದಿರಬೇಕು.

ತೂತನ್ನು ಶುದ್ಧ ಸೀಮೆಎಣ್ಣೆಯಿಂದ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿದೆವು. ಇಲ್ಲಿ ಕಾಟನ್ ವೇಸ್ಟ್ ಬಳಸಬೇಡಿ. ಅದರ ಒಂದು ಎಳೆ ಉಳಿದರೂ ಮತ್ತೆ ಅದೇ ಕಥೆ. ಸೀಟಿನ ಅಂಚಿಗೆ ಸಣ್ಣ ಗುರುತು ಬಿದ್ದಿದ್ದರೆ ಫಿಟ್ಟರುಗಳು ಒಂದು ಉಪಾಯ ಮಾಡುತ್ತಾರೆ. ಹಳೆ ಗುಂಡನ್ನೇ ಸೀಟಿನ ಮೇಲಿಟ್ಟು, ಅದರ ಮೇಲೆ ಹಿತ್ತಾಳೆ ಕಡ್ಡಿ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಒಂದೇ ಒಂದು ಹಗುರ ಏಟು. ಅಂಚು ಮತ್ತೆ ದುಂಡಗಾಗುತ್ತದೆ. ಆಮೇಲೆ ಆ ಗುಂಡನ್ನು ಎಸೆದು ಅದೇ ಅಳತೆಯ ಹೊಸದನ್ನು ಹಾಕಬೇಕು. ಗುರುತು ಆಳವಾಗಿದ್ದರೆ ಈ ಉಪಾಯ ನಡೆಯುವುದಿಲ್ಲ.

ಸೀಲ್ ಬದಲಿಸುವುದಾದರೆ

ರಾಡಿನ ಬಾಯಲ್ಲಿ ಎಣ್ಣೆ ಜಿನುಗುತ್ತಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಮೊದಲು ರಾಡನ್ನು ಉಗುರಿನಿಂದ ಉದ್ದಕ್ಕೂ ಸವರಿ. ಉಗುರು ಎಲ್ಲಾದರೂ ತಡೆದರೆ ಅಲ್ಲಿ ಗೀರು ಇದೆ. ಗೀರಿದ ರಾಡಿನ ಮೇಲೆ ಎಂಥ ಹೊಸ ಸೀಲೂ ಬಾಳುವುದಿಲ್ಲ, ರಾಡಿಗೆ ಮತ್ತೆ ಕ್ರೋಮ್ ಮಾಡಿಸಬೇಕು.

ಹಳೆ ಸೀಲ್ ತೆಗೆಯುವಾಗ ಸ್ಕ್ರೂಡ್ರೈವರ್ ಬೇಡ, ಸೀಲ್ ಕೂರುವ ಗ್ರೂವ್ (ಕೊರೆದ ಸಂದು) ಗೀರುತ್ತದೆ. ಬಿದಿರು ಕಡ್ಡಿ ಅಥವಾ ಹಿತ್ತಾಳೆಯ ಕಡ್ಡಿ ಚೆನ್ನ. ಸೀಲ್ ಯಾವ ಕಡೆ ಮುಖ ಮಾಡಿತ್ತು ಅಂತ ಫೋಟೋ ತೆಗೆಯಿರಿ. ಬಟ್ಟಲಿನ ಬಾಯಿ ಎಣ್ಣೆಯ ಒತ್ತಡದ ಕಡೆಗಿರಬೇಕು. ತಿರುವಿ ಹಾಕಿದರೆ ಮೊದಲ ತುಳಿತಕ್ಕೇ ಸೋರುತ್ತದೆ. ಅಂಗಡಿಗೆ ಹಳೆಯದನ್ನೇ ತಗೊಂಡು ಹೋಗಿ. ಅದರ ಮೇಲೆ ಒಳ ಅಳತೆ, ಹೊರ ಅಳತೆ, ಎತ್ತರ ಅಂತ ಮೂರು ಅಂಕಿ ಇರುತ್ತವೆ. ಅಳಿಸಿದ್ದರೆ ಆ ಗ್ರೂವನ್ನು ವರ್ನಿಯರ್‌ನಿಂದ ಅಳೆಯಿರಿ. ಸವೆದ ಸೀಲಿನ ಅಳತೆ ನಂಬಲು ಬರುವುದಿಲ್ಲ. ಹೊಸದಕ್ಕೆ ಅದೇ ಹೈಡ್ರಾಲಿಕ್ ಎಣ್ಣೆ ಸವರಿ ಕೂರಿಸಿ.

ಕರೆಂಟಿನ ಟೇಬಲ್ ಇದ್ದರೆ

ಮೂರು ಫೇಸ್ ಮೋಟರಿನ ಟೇಬಲ್ ವೈರಿಂಗ್ ಕೆಲಸ ಆದ ಮೇಲೆ ಏಳುವುದು ನಿಂತರೆ ಎರಡು ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿರಬಹುದು. ಕೂಡಲೇ ಬಂದ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ. ಉಲ್ಟಾ ತಿರುಗಿದರೆ ಪಂಪ್ ಎಣ್ಣೆಯಿಲ್ಲದೆ ಸವೆಯುತ್ತದೆ. ಸಿಲಿಂಡರಿನ ಬುಡದಲ್ಲಿ ಹೋಸ್ ಸೇರುವ ಕಡೆ ಒಂದು ಸಣ್ಣ ವಾಲ್ವ್ ಇರಬಹುದು. ಹೋಸ್ ಒಡೆದರೆ ಟೇಬಲ್ ಬೀಳದಂತೆ ಹಿಡಿಯುವುದು ಅದೇ. ಇಳಿಯುವುದು ನಿಧಾನ ಅಂತ ಅದನ್ನು ತೆಗೆಸಬೇಡಿ.

ಯಾವುದು ಮನೆಯಲ್ಲಿ ಬೇಡ

ಬಾಗಿದ ತೋಳು, ಬಿರುಕು ಬಿಟ್ಟ ವೆಲ್ಡಿಂಗ್, ಗೀರಿದ ರಾಡ್, ರಿಲೀಫ್ ವಾಲ್ವ್. ಈ ನಾಲ್ಕನ್ನು ಹೈಡ್ರಾಲಿಕ್ ವರ್ಕ್‌ಶಾಪಿಗೆ ಒಯ್ಯಿರಿ. ಹೋಸಿನ ಮೇಲಿನ ರಬ್ಬರ್ ಸುಲಿದು ಒಳಗಿನ ತಂತಿ ಕಂಡರೆ ಅದೇ ಒತ್ತಡದ ಹೊಸ ಹೋಸ್ ಮಾಡಿಸಿ. ಟೇಪ್ ಸುತ್ತಿ, ಕ್ಲಿಪ್ ಬಿಗಿದು ದಿನ ದೂಡುವುದು ಬೇಡ. ವರ್ಕ್‌ಶಾಪಿನವರಿಗೆ "ಕೆಟ್ಟಿದೆ" ಅಂತಷ್ಟೇ ಹೇಳಬೇಡಿ. ಇಷ್ಟು ಭಾರಕ್ಕೆ ಅರ್ಧ ಗಂಟೆಯಲ್ಲಿ ಇಷ್ಟು ಇಳಿಯಿತು, ಪೆಡಲ್ ನೂಕುತ್ತದೆ ಅಥವಾ ನೂಕುವುದಿಲ್ಲ, ರಾಡ್ ಒಣಗಿದೆ ಅಥವಾ ಹಸಿಯಾಗಿದೆ ಅಂತ ಹೇಳಿ. ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ಬಿಲ್ಲೂ.

ರಿಪೇರಿಯ ನಂತರ ನೇರವಾಗಿ ಪೂರ್ತಿ ಭಾರ ಇಡಬೇಡಿ. ಖಾಲಿ ಐದು ಸಲ ಎತ್ತಿ ಇಳಿಸಿ, ಅರ್ಧ ಭಾರಕ್ಕೆ ಗೆರೆ ಎಳೆದು ನೋಡಿ, ಆಮೇಲೆ ಕೆಲಸದ ಭಾರ. ನಾವು ಆ ದಿನ ಸಂಜೆ ಅದೇ ಪಂಪ್ ಹೌಸಿಂಗ್ ಇಟ್ಟು, ಗೋಡೆಗೆ ಗೆರೆ ಎಳೆದು, ಶೆಡ್ ಮುಚ್ಚಿದೆವು. ರಾತ್ರಿ ಮಳೆ ಬಂದು ಚಳಿ ಚಳಿ ಆಗಿತ್ತು. ಬೆಳಗ್ಗೆ ಹೋಗಿ ಸ್ಕೇಲ್ ಹಿಡಿದೆ. ಗೆರೆಗಿಂತ 3 ಮಿಲಿಮೀಟರ್ ಕೆಳಗಿತ್ತು. ಕಾಕಾಗೆ ತೋರಿಸಿದೆ.

"ಅದು ಥಂಡಿಗೆ ಆಗಿದ್ದು," ಅಂದರು. "ಹೌಸಿಂಗ್ ಕಟ್ಟು."